ರಾಗಿ ಹೊಟ್ಟಿನ ಮಳೆ

ನನಗೆ ಚಿಕ್ಕಂದಿನಿಂದಲೂ ಬಾಯಿ ಜಾಸ್ತಿ. ನಮ್ಮೂರಿಗೆ ಫಾರಿನ್ ಜನ ಬಂದದ್ದು, ಮಳೆ ಕರೆಯುವ ಹಾಡು ತಲೆಕೆಳಗಾದದ್ದು, ಕೊನೆಗೆ ಆ ಹಾಡು ಕಳೆದೇಹೋಯಿತು ಅನ್ನುವ ಹಂತಕ್ಕೆ ಬಂದದ್ದು, ಎಲ್ಲಾ ಈ ಬಾಯಿಂದಲೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಪ್ಪದಿದ್ದರೂ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೇರಿಕೆ ರಸ್ತೆಯಲ್ಲಿ ನಮ್ಮೂರು. ಬೆಳಿಗ್ಗೆ ಬಸ್ಸು ಹತ್ತಿ ಹೊಸೂರಿಗೆ ಹೋಗಿ, ಅಲ್ಲಿಂದ ಮೂಕಂಡಪಲ್ಲಿಯ ಒಂದು ಫ್ಯಾಕ್ಟರಿಯಲ್ಲಿ ಸ್ವಿಚ್ಚು ಜೋಡಿಸುತ್ತಿದ್ದೆ. ಹತ್ತೊಂಬತ್ತು ವರ್ಷ. ನಮ್ಮೂರಿಂದ ಫ್ಯಾಕ್ಟರಿಗೆ ಹೋದ ಮೊದಲ ಹುಡುಗಿ ನಾನೇ, ಹಾಗಾಗಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಎದುರು ಮನೆಯವರೊಡನೆ ತೆಲುಗು, ಸ್ಕೂಲಿನಲ್ಲಿ ಕಲಿತದ್ದು ತಮಿಳು, ಫ್ಯಾಕ್ಟರಿಯಲ್ಲಿ 'ಎಸ್ ಸಾರ್'. ಎಲ್ಲಾ ಭಾಷೆಯಲ್ಲೂ ಜಂಬ ಕೊಚ್ಚಲು ನನಗೆ ಬರುತ್ತಿತ್ತು.

ಆ ವರ್ಷ ಹೊಸ ಮಿಷಿನ್ ಕೂರಿಸಲು ಹೊರದೇಶದಿಂದ ನಾಲ್ಕೈದು ಜನ ಹೆಂಡಿರ ಸಮೇತ ಬಂದಿದ್ದರು. ಮೈಸೂರು ನೋಡಿ ಆಗಿತ್ತು, ಬೆಂಗಳೂರು ನೋಡಿ ಆಗಿತ್ತು, ಈಗ ಅವರಿಗೆ 'ನಿಜವಾದ ಹಳ್ಳಿ' ಬೇಕಂತೆ. ನಮ್ಮ ಆಫೀಸರು ಊಟದ ಹೊತ್ತಿನಲ್ಲಿ ಕ್ಯಾಂಟೀನಿಗೆ ಬಂದು ತಮಿಳಿನಲ್ಲಿ ಕೇಳಿದರು: ನಿಮ್ಮ ನಿಮ್ಮ ಊರಲ್ಲಿ ಹಳೇ ಕಾಲದ ಪದ್ಧತಿ ಏನಾದರೂ ಉಳಿದಿದೆಯಾ? ಒಬ್ಬಳು ದೇವಸ್ಥಾನ ಅಂದಳು, ಇನ್ನೊಬ್ಬಳು ಕೋಟೆ ಅಂದಳು. ನಾನು ಸಾರನ್ನದ ಕೈಯನ್ನೇ ಮೇಲೆತ್ತಿ, "ನಮ್ಮ ದೊಡ್ಡಮ್ಮ ಹಾಡಿ ಮಳೆ ಕರೀತಾರೆ ಸಾರ್" ಅಂದುಬಿಟ್ಟೆ. "ಮಳೆ ಬರುತ್ತಾ?" ಅಂದರು. "ಬರದೆ ಏನು ಸಾರ್!" ಅಂದೆ. ಭಾನುವಾರ ಬರುವುದೆಂದು ಅಲ್ಲೇ ತೀರ್ಮಾನವಾಯಿತು.

ದೊಡ್ಡಮ್ಮ ಅಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ. ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಆಕೆಗೆ ಎತ್ತರದ ದನಿ, ಮೂಗಿನ ತುದಿಯಲ್ಲಿ ಕೋಪ, ಸೊಂಟದಲ್ಲಿ ಎಲೆಅಡಿಕೆ ಚೀಲ. ಮಳೆ ಕೈಕೊಟ್ಟ ವರ್ಷ ಕೆರೆಯ ಮಣ್ಣಲ್ಲಿ ಮಳೆಯಪ್ಪನನ್ನು ಮಾಡಿ, ಹುರುಳಿಕಾಳಿನ ಕಣ್ಣಿಟ್ಟು, ಮಣೆಯ ಮೇಲೆ ಕೂರಿಸುವುದು ಆಕೆಯ ಕೆಲಸ. ಮದುವೆಯಾಗದ ಹುಡುಗಿಯೊಬ್ಬಳು ಮಣೆ ಹೊತ್ತು ಮನೆಮನೆಗೆ ಹೋಗಬೇಕು. ದೊಡ್ಡಮ್ಮ ಮುಂದೆ ಹಾಡುತ್ತಾಳೆ, ಅವಳು ಹೇಳಿಕೊಟ್ಟ ಸಾಲನ್ನೇ ಹಿಂದೆ ಎಲ್ಲರೂ ತಿರುಗಿ ಹಾಡುತ್ತಾರೆ. ಪ್ರತಿ ಮನೆಯವರೂ ಮಳೆಯಪ್ಪನ ಮೇಲೆ ಒಂದು ಕೊಡ ನೀರು ಹುಯ್ದು ಒಂದು ಹಿಡಿ ರಾಗಿಹಿಟ್ಟು ಕೊಡುತ್ತಾರೆ. ಆ ಹಿಟ್ಟಿನಲ್ಲಿ ಕೆರೆಯ ಏರಿ ಮೇಲೆ ಅಂಬಲಿ ಕಾಯಿಸಿ ಊರೆಲ್ಲ ಕುಡಿಯಬೇಕು. ಹಾಡನ್ನು ದೊಡ್ಡಮ್ಮನಿಗೆ ಕಲಿಸಿದ್ದು ಆಕೆಯ ಅತ್ತೆ. ಹತ್ತು ವರ್ಷದವಳಿದ್ದಾಗ ಒಂದು ಸಲ ನಾನೂ ಮಣೆ ಹೊತ್ತಿದ್ದೆ. ಊರಿನ ನೀರೆಲ್ಲ ನನ್ನ ಕಿವಿಯೊಳಗೆ ಇಳಿದಿತ್ತು.

ಆ ಹಾಡನ್ನು ನಾನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರ ಕಣದಲ್ಲಿ ಈಗ ರಾಗಿ ಹರಡಿದ್ದರೆ ಏನು ಗತಿ?

ನಗಬೇಡಿ. ಇದೇ ಮಾತನ್ನು ಅವತ್ತು ಸಂಜೆ ದೊಡ್ಡಮ್ಮ ನನ್ನನ್ನು ಕೇಳಿದ್ದು. ಸಂಕ್ರಾಂತಿ ಕಳೆದ ವಾರ ಅದು. ಊರಿನ ಪ್ರತಿ ಕಣದಲ್ಲೂ ರಾಗಿ. ಕಣ ಸಾಲದವರು ತೆನೆಯನ್ನು ಟಾರು ರಸ್ತೆಯ ಮೇಲೆ ಹರಡಿ, ಬಸ್ಸು ಲಾರಿ ಹತ್ತಿ ಹೋಗಲಿ ಎಂದು ಪಕ್ಕದಲ್ಲಿ ಕೂತಿದ್ದರು. ಅಂಥ ಹೊತ್ತಿನಲ್ಲಿ ನಾನು ಬಂದು, ಭಾನುವಾರ ಮಳೆ ಕರೆಯಬೇಕು ಅಂದೆ.

ದೊಡ್ಡಮ್ಮ ತೂರುತ್ತಿದ್ದ ಮೊರವನ್ನು ಕೆಳಗಿಟ್ಟಳು. "ನಿಂಗೇನು ಬುದ್ಧಿ ಗಿದ್ದಿ ಐತೇನಮ್ಮಿ? ವರ್ಸದ ಅನ್ನ ಇಲ್ಲಿ ಬಿದ್ದೈತೆ. ಈಗ ಮಳೆ ಕರಿಯೋದಾ?"

"ನಿಜವಾಗ್ಲೂ ಅಲ್ಲ ದೊಡ್ಡಮ್ಮ. ಸುಮ್ನೆ, ಅವ್ರು ನೋಡೋಕೆ."

"ಸುಮ್ನೆ ಅಂತ ನಿಂಗೆ ಗೊತ್ತು, ನಂಗೆ ಗೊತ್ತು. ಮಳೆಯಪ್ಪಂಗೆ ಯಾರು ಹೇಳ್ತಾರೆ?"

ಕಟ್ಟೆಯ ಮೇಲೆ ಕೂತ ಹಿರಿಯರು ಎರಡು ದಿನ ಇದನ್ನೇ ಮಾತಾಡಿದರು. ಸುಳ್ಳು ಸುಳ್ಳೇ ಕರೆಯುತ್ತಿದ್ದೇವೆ ಎಂದು ದೇವರಿಗೆ ಹೇಳಿದರೆ ಅವನಿಗೆ ಸಿಟ್ಟು ಬರುತ್ತದೆ. ಹೇಳದಿದ್ದರೆ ಅವನೇ ಬರುತ್ತಾನೆ. ಆ ಫಾರಿನ್ ಜನರಿಗೇ ಬರಬೇಡಿ ಎನ್ನಿ ಎಂದು ಅಪ್ಪ ಸೂಚಿಸಿದರು. ಅದಕ್ಕೂ ದೊಡ್ಡಮ್ಮನೇ ಒಪ್ಪಲಿಲ್ಲ. "ಮನೆ ಬಾಗ್ಲಿಗೆ ಬತ್ತೀವಿ ಅಂದೋರ್ನ ಬರಬ್ಯಾಡಿ ಅಂದ ಮನೆ ಅಲ್ಲ ಇದು. ಈ ಹುಡುಗೀನ ಆಮೇಲೆ ವಿಚಾರಿಸ್ಕೊತೀನಿ. ಮೊದ್ಲು ಬಂದೋರ್ನ ನೋಡಾನ" ಅಂದಳು. ಶನಿವಾರದವರೆಗೂ ಏನೋ ಲೆಕ್ಕ ಹಾಕುತ್ತಾ ರಾಗಿ ತೂರುತ್ತಿದ್ದಳು.

ಭಾನುವಾರ ವ್ಯಾನು ಬಂತು. ಬಂದದ್ದು ರಸ್ತೆಯ ಮೇಲೆ ಹರಡಿದ ನಮ್ಮ ರಾಗಿಯ ಮೇಲೇ. ದೊಡ್ಡಪ್ಪ ಓಡಿಹೋಗಿ ಡ್ರೈವರನ್ನು ನಿಲ್ಲಿಸಿ, "ಇನ್ನೊಂದು ಕಿತ ಹಿಂದಕ್ಕೂ ಮುಂದಕ್ಕೂ ಹೋಗಪ್ಪ, ಚೆನ್ನಾಗಿ ಉದುರ್ತಾ ಐತೆ" ಅಂದರು. ಒಳಗಿದ್ದವರು ಇದೂ ಒಂದು ಪದ್ಧತಿ ಇರಬೇಕೆಂದು ಕೈಮುಗಿದುಕೊಂಡೇ ಹಿಂದಕ್ಕೂ ಮುಂದಕ್ಕೂ ಹೋದರು.

ಪ್ಲಾಸ್ಟಿಕ್ಕು ಕಾಣಿಸಬಾರದು ಎಂದು ಆಫೀಸರು ಮೊದಲೇ ನನಗೆ ಹೇಳಿ ಕಳಿಸಿದ್ದರು. ಬಕೆಟ್ಟು, ಹಸಿರು ಕೊಡ, ಅಪ್ಪನ ರೇಡಿಯೋ, ಸೈಕಲ್ಲು ಎಲ್ಲಾ ವ್ಯಾನು ಬರುವ ಮೊದಲೇ ದನದ ಕೊಟ್ಟಿಗೆಗೆ ಹೋಗಿದ್ದವು. ದೊಡ್ಡಪ್ಪ ಟೆರಿಲಿನ್ ಷರ್ಟು ಬಿಚ್ಚಲು ಸುತರಾಂ ಒಪ್ಪಲಿಲ್ಲ, ಆದರೆ ಪೇಟ ಕಟ್ಟಲು ಒಪ್ಪಿದರು. ಮನೆಯಲ್ಲಿ ಪೇಟ ಎಲ್ಲಿತ್ತು? ದೊಡ್ಡಮ್ಮನ ಹಳೇ ಕೆಂಪು ಸೀರೆಯನ್ನೇ ಸುತ್ತಿದೆವು. ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ಲ, ಅಂದರು.

ಆಮೇಲೆ ದೊಡ್ಡಮ್ಮ ಊರವರನ್ನೆಲ್ಲ ಒಟ್ಟು ಸೇರಿಸಿ ತಾನು ಮೂರು ದಿನ ಯೋಚಿಸಿದ್ದನ್ನು ಹೇಳಿದಳು. ಮಳೆಯಪ್ಪನನ್ನು ಮಣೆಯ ಮೇಲೆ ಹಿಂದುಮುಂದಾಗಿ ಕೂರಿಸಬೇಕು, ಅವನಿಗೆ ಊರು ಕಾಣಬಾರದು. ಬಲಕ್ಕೆ ಸುತ್ತುವ ಬದಲು ಎಡಕ್ಕೆ ಸುತ್ತಬೇಕು. ಒಂದು ಹನಿ ನೀರು ತಾಕಿಸಬಾರದು. ನೀರಿನ ಬದಲು ಮೊರದಲ್ಲಿ ರಾಗಿ ಹೊಟ್ಟು ತುಂಬಿಕೊಂಡು ಅವನ ಮೇಲೆ ತೂರಬೇಕು. ಇನ್ನು ಹಾಡು? ರಾಗ ಅದೇ, ಮಾತು ಬೇರೆ. ಅದನ್ನು ಬರೆದರೆ ಯಾರಿಗೂ ತೊಂದರೆಯಿಲ್ಲ.

ಹೋಗಪ್ಪ ಹೋಗು ಮಳೆಯಪ್ಪ, ಬಂದ ದಾರಿ ಹಿಡಿ,
ನಮ್ಮ ಕಣದಾಗೆ ರಾಗಿ ಐತೆ, ಕಣ್ಣ ಮುಚ್ಕೊಂಡು ನಡಿ.
ಸಮುದ್ರದಾಗೆ ನಿಮ್ಮತ್ತೆ ಮನೆ, ಹಬ್ಬಕ್ಕೆ ಕರದವ್ಳೆ,
ಒಬ್ಬಟ್ಟು ಮಾಡಿ ಇಕ್ಕವ್ಳೆ, ತಿಂದ್ಕೊಂಡು ಮಲಕ್ಕೊ.

ಮಣೆ ಹೊತ್ತವಳು ನಾನೇ. ಅದು ನನಗೆ ಶಿಕ್ಷೆ. ಆದರೆ ಅವತ್ತಿನಷ್ಟು ಖುಷಿಯನ್ನು ನಾನು ಯಾವ ಹಬ್ಬದಲ್ಲೂ ಪಟ್ಟಿಲ್ಲ. ಇಪ್ಪತ್ತು ಮೊರದಿಂದ ಒಟ್ಟಿಗೆ ಹೊಟ್ಟು ಹಾರಿ, ಬೆಳಗಿನ ಬಿಸಿಲಿಗೆ ಬೀದಿಯೆಲ್ಲ ಚಿನ್ನದ ಬಣ್ಣವಾಯಿತು. ಕ್ಯಾಮೆರಾಗಳು ಟಕಟಕ ಅಂದವು. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾ, ದೇವರನ್ನು ಅತ್ತೆ ಮನೆಗೆ ಅಟ್ಟಿದರು. ಬಂದವರಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬರು ಕಣ್ಣು ಒರೆಸಿಕೊಳ್ಳುತ್ತಾ, ಹಾಡಿನ ಅರ್ಥ ಏನೆಂದು ನನ್ನನ್ನು ಕೇಳಿದರು. "ರೈನ್, ಕಮ್, ಪ್ಲೀಸ್ ಕಮ್" ಅಂದೆ. ಆಕೆ ನನ್ನ ಹೊಟ್ಟು ಮೆತ್ತಿದ ಕೆನ್ನೆಯನ್ನು ಸವರಿದರು. ಆಗ ಮಾತ್ರ ನನಗೆ ಸ್ವಲ್ಪ ನಾಚಿಕೆಯಾಯಿತು.

ಮಳೆ ಬರಲಿಲ್ಲ. ರಾಗಿಯೆಲ್ಲ ಒಣಗಿ ಕಣಜ ಸೇರಿತು. ಹೋಗು ಅಂದರೆ ಹೋಗುವಷ್ಟು ಮಾತು ಕೇಳುವ ದೇವರು ನಮ್ಮವನು ಎಂದು ದೊಡ್ಡಮ್ಮ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದಳು. ನನ್ನನ್ನು ವಿಚಾರಿಸಿಕೊಳ್ಳುವುದು ಮರೆತೇಹೋಯಿತು.

ಆ ಫೋಟೋಗಳು ಎಲ್ಲೆಲ್ಲಿ ಸುತ್ತಿದವೋ, ಮುಂದಿನ ವರ್ಷ ಬೆಂಗಳೂರಿನ ಒಂದು ಹೋಟೆಲಿನ ಗೈಡು ನಮ್ಮೂರು ಹುಡುಕಿಕೊಂಡು ಬಂದ. ಬಿಳಿ ಪ್ಯಾಂಟು, ಕೈಯಲ್ಲೊಂದು ನೋಟ್‌ಬುಕ್ಕು. ಆಮೇಲೆ ಚಳಿಗಾಲ ಬಂತೆಂದರೆ ಎರಡು ಭಾನುವಾರಕ್ಕೊಮ್ಮೆ ಅವನ ವ್ಯಾನು. ನಾಲ್ಕು ವರ್ಷ ಹೀಗೇ ನಡೆಯಿತು. ಹೊರಗಿನವರು ಬಂದು ನಮ್ಮನ್ನು ಕೆಡಿಸಿದರು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನನಗೆ ಅಷ್ಟು ಸುಳ್ಳು ಹೇಳಲು ಬರುವುದಿಲ್ಲ. ನಮಗೆ ಅದು ಇಷ್ಟವಾಗಿತ್ತು. ಬೀದಿ ಗುಡಿಸಿ ಸಾರಿಸಿ ಇಡುತ್ತಿದ್ದೆವು. ಬಾಗಿಲ ಹೊರಗೆ ತಲೆ ಹಾಕದ ಸೊಸೆಯರು ಕೂಡ ಮೊರ ಹಿಡಿದು ಬಂದು ನಗುತ್ತಿದ್ದರು. ದೊಡ್ಡಪ್ಪ ಕೆಂಪು ಸೀರೆಯ ಪೇಟವನ್ನು ವಾರದ ದಿನಗಳಲ್ಲೂ ಕಟ್ಟತೊಡಗಿದರು. ಮಕ್ಕಳು ವ್ಯಾನು ಕಂಡರೆ "ಪೆನ್ನು ಪೆನ್ನು" ಎಂದು ಓಡುತ್ತಿದ್ದವು. ಗೈಡು, ಇನ್ನಷ್ಟು ಹೊಟ್ಟು ಹಾರಿಸಿ, ಫೋಟೋ ಚೆನ್ನಾಗಿ ಬರುತ್ತೆ, ಅನ್ನುತ್ತಿದ್ದ. ಪಕ್ಕದೂರಿಂದ ಹೊಟ್ಟು ತರಿಸಿ ಹಾರಿಸಿದೆವು. ಹಾಡಿಗೂ ಹೊಸ ಸಾಲುಗಳು ಸೇರಿದವು. ಬಂದವರ ದೇಶದ ಹೆಸರು ಕೇಳಿಕೊಂಡು ಮಳೆಯಪ್ಪನನ್ನು ಅಲ್ಲಿಗೇ ಕಳಿಸುತ್ತಿದ್ದೆವು.

ಆ ನಾಲ್ಕು ವರ್ಷವೂ ಮಳೆ ಹೊತ್ತುಹೊತ್ತಿಗೆ ಬಂತು. ನಿಜವಾಗಿ ಕರೆಯುವ ಅಗತ್ಯವೇ ಬೀಳಲಿಲ್ಲ.

ಐದನೆಯ ವರ್ಷ ರಾಗಿ ಬಿತ್ತಿದ ಮೇಲೆ ಒಂದು ಹದ ಮಳೆ ಬಂದು ಮೊಳಕೆ ಎದ್ದಿತು. ಆಮೇಲೆ ಮೂರು ವಾರ ಮೋಡ ಬಂದದ್ದೇ ಬಂದದ್ದು, ಹನಿ ಮಾತ್ರ ಇಲ್ಲ. ಎಳೇ ಪೈರು ಮಧ್ಯಾಹ್ನದ ಹೊತ್ತಿಗೆ ತಲೆ ಬಗ್ಗಿಸುತ್ತಿತ್ತು. ಮಳೆಯಪ್ಪನನ್ನು ಕರೆಯುವುದೆಂದು ಊರವರು ಹೇಳಿದರು. ಭಾನುವಾರ ದೊಡ್ಡಮ್ಮ ತಲೆಗೆ ನೀರು ಹಾಕಿಕೊಂಡು, ಕೆರೆಯ ಮಣ್ಣು ತಂದು, ಹುರುಳಿಕಾಳಿನ ಕಣ್ಣಿಟ್ಟು ಮಳೆಯಪ್ಪನನ್ನು ಮಾಡಿದಳು. ಈ ಸಲ ಊರು ಕಾಣುವಂತೆ ನೆಟ್ಟಗೆ ಕೂರಿಸಿದಳು. ಮಣೆ ಹೊರಲು ನನ್ನ ಚಿಕ್ಕಪ್ಪನ ಮಗಳು ನಿಂತಳು. ಬಾಗಿಲು ಬಾಗಿಲಲ್ಲೂ ತುಂಬಿದ ಕೊಡ ಹಿಡಿದು ಹೆಂಗಸರು ಕಾಯುತ್ತಿದ್ದರು.

ದೊಡ್ಡಮ್ಮ ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದಳು. "ಹೋಗಪ್ಪ ಹೋಗು..."

ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಮತ್ತೆ ಶುರುಮಾಡಿದಳು. ಮೊದಲ ಸಾಲು ಸರಿಯಾಗಿ ಬಂತು, ಎರಡನೆಯದು ಜಾರಿ ಅತ್ತೆ ಮನೆಗೆ ಹೋಯಿತು. ಹಿಂದೆ ನಿಂತಿದ್ದ ಚಿಕ್ಕ ಹುಡುಗಿಯರಿಗೆ ಅದು ಬಿಟ್ಟು ಬೇರೆ ಗೊತ್ತೇ ಇರಲಿಲ್ಲ; ಅವರು ಗಂಟಲು ಬಿಚ್ಚಿ "ತಿಂದ್ಕೊಂಡು ಮಲಕ್ಕೊ" ಎಂದು ಹಾಡಿ ಮುಗಿಸಿದರು. ಒಬ್ಬಳು ಮೊರದಲ್ಲಿ ಹೊಟ್ಟನ್ನೂ ತಂದಿದ್ದಳು.

ಮೂರನೆಯ ಸಲ ದೊಡ್ಡಮ್ಮ ಬಾಯಿ ತೆರೆಯಲೇ ಇಲ್ಲ. ಜಗಲಿಯ ಮೇಲೆ ಕೂತುಬಿಟ್ಟಳು. "ಬತ್ತಾ ಇಲ್ಲ ಕಣಮ್ಮಿ" ಅಂದಳು ನನಗೆ, ಬಹಳ ಮೆಲ್ಲಗೆ. "ಅತ್ತೆ ಹೇಳ್ಕೊಟ್ಟಿದ್ದು. ಎಲ್ಲಿಟ್ಟೆ ಅದನ್ನ?" ಆಕೆ ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕ್ಯಾಂಟೀನಿನಲ್ಲಿ ಎತ್ತಿದ ಆ ಸಾರನ್ನದ ಕೈ ನೆನಪಾಯಿತು. ಅಲ್ಲೇ ಅತ್ತುಬಿಟ್ಟೆ.

ಅಳು ನಿಲ್ಲಿಸಿದ್ದು ಎದುರು ಮನೆಯ ತೆಲುಗಿನ ಅವ್ವ. ಆಕೆ ಕೊಡ ಹಿಡಿದು ನಿಂತು ನಿಂತು ಬೇಜಾರಾಗಿ ಬೀದಿ ದಾಟಿ ಬಂದಳು. "ನಿನ್ನ ಹಾಡೆಲ್ಲಾ ನಂಗೆ ತಿಳೀದು. ನಾನು ನೀರು ಹುಯ್ಯೋವಾಗ ನನ್ನ ಬಾಗಿಲತ್ರ ಯಾವಾಗ್ಲೂ ಇದೇ ಬರ್ತಿತ್ತು" ಎಂದು, ತೆಲುಗಿನ ಎಳೆತದಲ್ಲಿ ಒಂದೇ ಒಂದು ಸಾಲು ಹಾಡಿದಳು. ನಿಜವಾದದ್ದು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಡು ನಡೆಯುತ್ತಾ ನಡೆಯುತ್ತಾ ಹಾಡುವಂಥದ್ದು. ಪ್ರತಿ ಸಲವೂ ಅದೇ ಬೀದಿ, ಅದೇ ಸುತ್ತು. ಹಾಗಾಗಿ ಯಾವ ಬಾಗಿಲಲ್ಲಿ ಯಾವ ಸಾಲು ಎಂಬುದು ಅಜ್ಜಿಯರ ಕಾಲದಿಂದ ಒಂದೇ. ಹಾಡು ಪೂರ್ತಿ ಗೊತ್ತಿದ್ದವಳು ದೊಡ್ಡಮ್ಮ ಒಬ್ಬಳೇ ಇರಬಹುದು, ಆದರೆ ತಮ್ಮ ಬಾಗಿಲಿನ ಸಾಲು ಪ್ರತಿ ಮನೆಗೂ ಗೊತ್ತಿತ್ತು.

ದೊಡ್ಡಮ್ಮ ಸೆರಗು ಕೊಡವಿಕೊಂಡು ಎದ್ದಳು. "ನಡೀರಿ. ಹಿಟ್ಟಿನ ಜೊತೆ ಸಾಲೂ ಕೇಳಾನ" ಅಂದಳು. ಮನೆಮನೆಗೂ ಹೋದೆವು. ಒಂದು ಮನೆಯಲ್ಲಿ ಅತ್ತೆ ಸೊಸೆ ಜಗಳವಾಡಿಕೊಂಡೇ ಅರ್ಧರ್ಧ ಸಾಲು ಕೊಟ್ಟರು. ತಮಿಳರ ಮನೆಯ ಅಜ್ಜ ತನ್ನ ಸಾಲನ್ನು ತನಗೇ ಅರ್ಥವಾಗದ ಕನ್ನಡದಲ್ಲಿ ಪ್ರಾರ್ಥನೆಯಂತೆ ಒಪ್ಪಿಸಿದ. ಒಂದೊಂದು ಸಾಲು ಸಿಕ್ಕಿದ ಹಾಗೆ ದೊಡ್ಡಮ್ಮನ ದನಿ ಒಂದೊಂದು ಮೆಟ್ಟಿಲು ಏರುತ್ತಿತ್ತು. ಬೀದಿಯ ಕೊನೆಗೆ ಬಂದಾಗ ಒಂದೇ ಒಂದು ಸಾಲು ಬಾಕಿ. ಆ ಮನೆಯವರು ಹೊಸೂರಿಗೆ ಹೋಗಿ ವರ್ಷವಾಗಿತ್ತು, ಬಾಗಿಲಿಗೆ ಬೀಗ.

ಬೀಗದ ಮುಂದೆ ಎಲ್ಲರೂ ನಿಂತೆವು. ಆಗ ನನ್ನ ಕಿವಿಗೆ ತಣ್ಣೀರು ನುಗ್ಗಿದಂತಾಯಿತು. ಹತ್ತು ವರ್ಷದವಳಾಗಿ ಮಣೆ ಹೊತ್ತಾಗ ಇದೇ ಬಾಗಿಲಲ್ಲಿ ಒಂದು ಕೊಡ ನೀರು ಪೂರ್ತಿ ನನ್ನ ಎಡಗಿವಿಗೆ ಬಿದ್ದಿತ್ತು. ಮಣೆ ಬೀಳಿಸಬಾರದು ಎಂದು ಹಲ್ಲು ಕಚ್ಚಿ, ಆಗ ಕೇಳುತ್ತಿದ್ದ ಸಾಲನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅದು ಇನ್ನೂ ಅಲ್ಲೇ ಇತ್ತು. ಹಾಡಿದೆ. ದೊಡ್ಡಮ್ಮ ನನ್ನ ಎರಡೂ ಕೆನ್ನೆ ಹಿಡಿದು, "ಈ ಬಾಯಿಂದ ಒಂದು ಒಳ್ಳೇದೂ ಬಂತಲ್ಲಮ್ಮಿ" ಅಂದಳು.

ಮತ್ತೆ ಮೊದಲ ಮನೆಯಿಂದ, ಬಲಕ್ಕೆ, ಪೂರ್ತಿ ಹಾಡಿಕೊಂಡು ಹೊರಟೆವು. ಕೊಡಗಟ್ಟಲೆ ನೀರು ಬೀಳುತ್ತಿತ್ತು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ವ್ಯಾನು ನಿಂತಿತು. ಕಾಲವಲ್ಲದ ಕಾಲದಲ್ಲಿ ಅದೇ ಗೈಡು ಆರು ಜನರನ್ನು ಕರೆದುಕೊಂಡು ಬಂದಿದ್ದ. ಹಸಿರು, ನೀಲಿ ಪ್ಲಾಸ್ಟಿಕ್ ಕೊಡಗಳನ್ನು ನೋಡಿ ಅವನ ಮುಖ ಬಾಡಿತು. ಸ್ವಲ್ಪ ಹೊತ್ತು ನೋಟ್‌ಬುಕ್ಕು ತಿರುವಿ, ದೊಡ್ಡಮ್ಮನ ಹತ್ತಿರ ಬಂದ.

"ಅಮ್ಮಾ, ಇದು ಒರಿಜಿನಲ್ ಅಲ್ಲ. ಹೊಟ್ಟು ಎಲ್ಲಿ? ದೇವರು ಯಾಕೆ ಈ ಕಡೆ ತಿರುಗಿದೆ? ನೀವು ಯಾವಾಗ್ಲೂ ಮಾಡೋ ನಿಜವಾದ್ದನ್ನ ಮಾಡಿ. ಇವರು ಅದನ್ನ ನೋಡೋಕೆ ಬಂದಿರೋದು."

"ಒರಿಜಿನಲ್ ಅಂದ್ರೇನೇ?" ಎಂದು ದೊಡ್ಡಮ್ಮ ನನ್ನನ್ನು ಕೇಳಿದಳು.

"ಅಸಲಿ ಅಂತ. ನಾವೀಗ ಮಾಡ್ತಿರೋದು ಅಸಲಿ ಅಲ್ವಂತೆ ದೊಡ್ಡಮ್ಮ."

ನಾನು ಕಣ್ಣು ಮುಚ್ಚಿಕೊಂಡೆ. ಬೈಗುಳದ ಸುರಿಮಳೆಯನ್ನೇ ನಿರೀಕ್ಷಿಸಿದ್ದೆ. ಆದರೆ ದೊಡ್ಡಮ್ಮ ನಗತೊಡಗಿದಳು. ನಗುತ್ತಾ ನಗುತ್ತಾ ಒದ್ದೆ ನೆಲದ ಮೇಲೇ ಕೂತಳು. ಊರೇ ನಕ್ಕಿತು. "ಅವನ್ದೇನು ತಪ್ಪಿಲ್ಲ ಬಿಡು. ನಾವ್ ತೋರ್ಸಿದ್ದನ್ನೇ ಅವನು ಬರ್ಕೊಂಡ" ಅಂದಳು. ಆಮೇಲೆ ಎದ್ದು, ತುಂಬಿದ ಕೊಡವೊಂದನ್ನು ಅವನ ಕೈಗೆ ಕೊಟ್ಟಳು. "ಇವತ್ತು ನೋಡೋ ದಿನ ಅಲ್ಲ ಕಣಪ್ಪ, ಹುಯ್ಯೋ ದಿನ. ಬಂದೋರ್ಗೂ ಹೇಳು."

ಹೇಗೆ ಹೇಳಿದನೋ, ಆರು ಜನವೂ ಕ್ಯಾಮೆರಾ ವ್ಯಾನಿನಲ್ಲಿಟ್ಟು ಬಂದರು. ಅವರಿಗೆ ಗುರಿ ಸಾಲದು. ಅರ್ಧ ನೀರು ಮಳೆಯಪ್ಪನಿಗೆ ಬಿದ್ದರೆ ಅರ್ಧ ಗೈಡಿನ ಬಿಳಿ ಪ್ಯಾಂಟಿಗೆ ಬಿತ್ತು. ಕೆರೆಯ ಏರಿ ಮೇಲೆ ಕೂತು ಎಲ್ಲರ ಜೊತೆ ಅಂಬಲಿ ಕುಡಿದರು. ಕಣದ ಕಾಲದಲ್ಲಿ ಇನ್ನು ಮೇಲೆ ಹಾಡುವುದಿಲ್ಲ, ಮಳೆಗಾಲದಲ್ಲಿ ಬಂದರೆ ಕೊಡ ಹಿಡಿಯಬೇಕು ಎಂದು ದೊಡ್ಡಮ್ಮ ಗೈಡಿಗೆ ಹೇಳಿದಳು. ಆಮೇಲೆ ಅವನು ಒಂದೆರಡು ಸಲ ಬಂದ, ಜನರಿಲ್ಲದೆ ಒಬ್ಬನೇ.

ಐದನೆಯ ದಿನ ಮಳೆ ಬಂತು. ಹಾಡಿದ್ದಕ್ಕೇ ಬಂತೆಂದು ನಾನು ಹೇಳುವುದಿಲ್ಲ, ದೊಡ್ಡಮ್ಮ ಹೇಳಿದಳು. ನಾನು ಮೂಕಂಡಪಲ್ಲಿಯಿಂದ ನೆನೆದು ತೊಪ್ಪೆಯಾಗಿ ಮನೆಗೆ ಬಂದಾಗ ಆಕೆ ಕಣದ ನಡುವೆ ನೆನೆಯುತ್ತಾ ನಿಂತಿದ್ದಳು. ಒಳಗೆ ಬಾ ಅಂದರೆ ಬರಲಿಲ್ಲ. "ಆ ಬೀಗ ಹಾಕಿರೋ ಮನೆ ಸಾಲು ಇನ್ಮೇಲೆ ನಿಂದು. ಎಲ್ಲಿಗೆ ಕೊಟ್ರೂ ತಗೊಂಡೋಗು, ಕರೆದಾಗ ತಂದ್ಕೊಡು" ಅಂದಳು.

ಮದುವೆಯಾಗಿ ಹೊಸೂರಿಗೆ ಬಂದೆ. ಕರೆದಾಗಲೆಲ್ಲ ಬಸ್ಸು ಹತ್ತಿ ಹೋಗಿ ಆ ಬಾಗಿಲ ಮುಂದೆ ನಿಂತು ನನ್ನ ಒಂದು ಸಾಲು ಹಾಡಿ ಬಂದಿದ್ದೇನೆ. ಅದು ಯಾವುದೆಂದು ಕೇಳಬೇಡಿ. ಬೇಕಾದರೆ ಮಳೆ ತಡವಾದ ವರ್ಷ ಬನ್ನಿ. ಬರುವಾಗ ಒಂದು ಕೊಡ ತನ್ನಿ, ಪ್ಲಾಸ್ಟಿಕ್ಕಾದರೂ ಸರಿ.